ಇಬ್ಬರು ಕಚ್ಚಿಟ್ಟ ರೊಟ್ಟಿ

ನದಿಯಾಚೆ, ಡೇರೆಗಳ ಬಯಲು
ಫೆಬ್ರುವರಿ ೧೪, ೧೯೯೩

ತೋಜಿನಿಸೊ,

ಬದುಕಿದ್ದೀಯಾ? ಇದ್ದರೆ ಮೊದಲು ನನ್ನ ಕೈಲಿ ಬೈಸಿಕೊ. ಎರಡು ತಿಂಗಳಾಯಿತು, ಒಂದು ಸುದ್ದಿ ಇಲ್ಲ, ಸುಳಿವಿಲ್ಲ.

ಇವತ್ತು ನಿರಾಶ್ರಿತರಿಗೆ ನೆರವು ಕೊಡುವ ಬಿಳಿ ಜೀಪಿನವರು ಬಂದು ಕಾಗದ ಹಂಚಿದರು. ನದಿಯ ಆ ದಡದಲ್ಲಿ ನಿಮ್ಮವರು ಯಾರಾದರೂ ಇದ್ದರೆ ಬರೆಯಿರಿ, ಮುಟ್ಟಿಸುತ್ತೇವೆ ಎಂದರು. ಎಲ್ಲರೂ ಅಣ್ಣನಿಗೆ, ಗಂಡನಿಗೆ ಎಂದು ಬರೆಯುತ್ತಾ ಕೂತರು. ನಾನು ಕಾಲುವೆಯಾಚೆ ಬೀದಿಯ ಕುಲೋಬಿ ಹೆಂಗಸಿಗೆ ಬರೆಯುತ್ತೇನೆ ಎಂದಾಗ ಪಕ್ಕದ ಡೇರೆಯವಳು ಮೂಗು ಮುರಿದಳು. "ನಮ್ಮನ್ನ ಮನೆ ಬಿಟ್ಟು ಓಡಿಸಿದೋರಿಗೆ ಏನೇ ಬರೀತೀಯ?" ಅಂದಳು. "ನನ್ನ ಮಗ ಅವಳ ಮನೇಲಿದಾನೆ ಕಣೇ" ಅಂದೆ.

ಹಿಕ್ಮತ್ ಹೇಗಿದ್ದಾನೆ? ಅದನ್ನು ಮೊದಲು ಹೇಳು. ಜ್ವರ ಇಳಿಯಿತೆ? ನಾವು ಹೊರಟ ದಿನ ಅವನನ್ನು ನಿನ್ನ ಮನೆಯ ಹಾಸಿಗೆಯ ಮೇಲೆ ಮಲಗಿಸಿ ಬಂದಾಗ ಹಣೆ ಮುಟ್ಟಿದರೆ ಕೈ ಸುಡುತ್ತಿತ್ತು. ನಡೆಯುವ ಶಕ್ತಿ ಇದ್ದಿದ್ದರೂ ಕರೆದುಕೊಂಡು ಬರುತ್ತಿರಲಿಲ್ಲ ಬಿಡು. ದಾರಿಯುದ್ದಕ್ಕೂ ಗದೋ ಪೈಲ್ವಾನನ ಹುಡುಗರು ಬಸ್ಸು ನಿಲ್ಲಿಸಿ, ಹುಟ್ಟೂರು ಯಾವುದೆಂದು ನೋಡಿ, ನಮ್ಮ ಗರ್ಮ್ ಕಡೆಯ ಗಂಡಸರನ್ನು ಇಳಿಸಿಕೊಳ್ಳುತ್ತಿದ್ದರು. ಇಳಿದವರು ಮತ್ತೆ ಹತ್ತಲಿಲ್ಲ. ನಮ್ಮ ಬಸ್ಸಿನಿಂದ ಹಿಟ್ಟಿನ ಗಿರಣಿಯವನನ್ನೂ ಅವನ ಇಬ್ಬರು ಅಳಿಯಂದಿರನ್ನೂ ಇಳಿಸಿದರು. ಬಸ್ಸು ಮುಂದೆ ಹೊರಟ ಮೇಲೆ ಹಿಂದಿನಿಂದ ಸದ್ದು ಕೇಳಿತು. ಗಿರಣಿಯವನ ಹೆಂಡತಿ ಹಿಂದೆ ತಿರುಗಿ ನೋಡಲಿಲ್ಲ. ನೋಡಿದರೆ ಅವಳನ್ನೂ ಇಳಿಸುತ್ತಿದ್ದರು.

ಆಗ ನಾನು ಮನಸ್ಸಿನಲ್ಲೇ ಅಂದುಕೊಂಡೆ: ಓಯ್ಜಮೋಲ್, ನಿನ್ನ ಜನ್ಮದಲ್ಲಿ ಮಾಡಿದ ಒಂದೇ ಬುದ್ಧಿವಂತ ಕೆಲಸ ಇದು. ಪೈಲ್ವಾನನ ಕಣ್ಣು ತಪ್ಪಿಸಿ ಹುಡುಗನನ್ನು ಬಚ್ಚಿಡಲು ಪೈಲ್ವಾನನದೇ ಬೀದಿಗಿಂತ ಒಳ್ಳೆಯ ಜಾಗ ಉಂಟೆ? ನಿನ್ನ ಮಗ ಜೂರಾ ಆ ಗುಂಪು ಸೇರಿ ಬಂದೂಕು ಹಿಡಿದಿದ್ದಾನೆ, ಗೊತ್ತು. ಬಂದೂಕು ಇರುವುದು ಹೆಗಲ ಮೇಲೆ. ಬಾಯಿಗೆ ಬಿದ್ದಿರುವುದು ನನ್ನ ಎದೆಹಾಲು.

ಇನ್ನೊಂದು ಮಾತಿದೆ. ನಾನು ಏಳುವಾಗ ಹಿಕ್ಮತ್ ನನ್ನ ಕೈ ಹಿಡಿದು, "ಅಮ್ಮಾ, ಹಾಲಿನ ಋಣ ಬಿಟ್ಟೆ ಅಂತ ಒಂದ್ಸಲ ಹೇಳಿಬಿಡು" ಅಂದ. "ಥೂ! ಅದು ಸಾಯೋರು ಕೇಳೋ ಮಾತು. ಬಾಯಿ ಮುಚ್ಕೊಂಡು ಮಲಕ್ಕೋ" ಎಂದು ಗದರಿಸಿ ಬಂದೆ. ಜ್ವರದಲ್ಲಿದ್ದ ಹುಡುಗನನ್ನು ಹಾಗೆ ಗದರಿಸಬಾರದಿತ್ತು. ನಾನು ಬೈದದ್ದು ಪ್ರೀತಿಗೆ ಎಂದು ಅವನಿಗೆ ಹೇಳು.

ಇನ್ನೂ ಮಲಗಿದ್ದರೆ ಸಾರು ಕುಡಿಸು. ಎದ್ದಿದ್ದರೆ ನದಿ ದಾಟಿಸು. ಹೊರಟುಬಿಟ್ಟಿದ್ದರೆ, ತಿರುಗಿ ಬರಲೆಂದು ರೊಟ್ಟಿ ಕಚ್ಚಿಸಿಟ್ಟೆ ತಾನೇ?

ನನ್ನ ಮನೆಯ ಬಾಗಿಲು ಇದೆಯೋ ಇಲ್ಲವೋ ಅದನ್ನೂ ಬರಿ. ಬೀಗದ ಕೈ ಸೊಂಟದಲ್ಲೇ ಇದೆ, ಚುಚ್ಚುತ್ತದೆ.

ನಿನ್ನ ಅಪಾ,
ಓಯ್ಜಮೋಲ್


ಹತ್ತಿ ಫಾರ್ಮು, ಕಾಲುವೆ ಬೀದಿ
ಮಾರ್ಚ್ ೨೬, ೧೯೯೩

ಓಯ್ಜಮೋಲ್ ಅಪಾ,

ನಿನ್ನ ಬೈಗುಳ ಓದಿ ಅತ್ತೆ, ನಕ್ಕೆ, ಮತ್ತೆ ಅತ್ತೆ. ನೀನೂ ಮಗಳು ಮೊಹ್ರುವೂ ಜೀವಂತ ಇದ್ದೀರಿ ಎಂದು ಗೊತ್ತಾದ ದಿನವೇ ನನಗೆ ನವ್ರೋಜ್ ಹಬ್ಬ. ಈ ಸಲ ಬೀದಿಯಲ್ಲಿ ಸುಮನಕ್ ಪಾಯಸದ ಕಡಾಯಿ ಇಡಲಿಲ್ಲ. ಮೊಳಕೆ ಬರಿಸಲು ಗೋಧಿಯಿಲ್ಲ, ಸುತ್ತ ನಿಂತು ಕೈ ಬದಲಾಯಿಸಿ ತಿರುವಲು ಹೆಂಗಸರೂ ಇಲ್ಲ. ಪ್ರತಿ ವರ್ಷವೂ "ತಳ ಹಿಡೀತಿದೆ, ಕಣ್ಣು ಎಲ್ಲಿದೆ ನಿಂಗೆ?" ಎಂದು ನೀನು ಕೂಗುತ್ತಿದ್ದೆಯಲ್ಲ, ಆ ಕೂಗು ಕೇಳದೆ ಹಬ್ಬ ಬಂದಂತೆಯೇ ಅನ್ನಿಸಲಿಲ್ಲ.

ನಿನ್ನ ಮನೆಯ ವಿಷಯ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀವು ಹೋದ ಮರುದಿನವೇ ಬಂದರು. ಮೊದಲು ರತ್ನಗಂಬಳಿ, ಹಾಸುವ ಕೌದಿ, ಪಿಂಗಾಣಿ. ಆಮೇಲೆ ಇನ್ನೊಂದು ಗುಂಪು ಬಂತು, ಅವರಿಗೆ ಬಾಗಿಲು ಕಿಟಕಿ ಸಿಕ್ಕವು. ಮೂರನೆಯವರು ಮಾಡಿನ ತಗಡು ಕಿತ್ತರು. ಕೊನೆಗೆ ಬಂದವರಿಗೆ ಏನೂ ಉಳಿದಿರಲಿಲ್ಲ ಎಂದು ಸಿಟ್ಟಿಗೆ ಜರ್ದಾಲು ಮರ ಕಡಿದರು. ನಾನು ತಡೆಯಲು ಹೋದೆ. ನನ್ನ ಕೈಯಲ್ಲೇ ಬಾಲ್ಯದಲ್ಲಿ ಮೂಗು ಒರೆಸಿಸಿಕೊಂಡ ಹುಡುಗನೊಬ್ಬ, "ಚಿಕ್ಕಮ್ಮಾ, ನಿಮಗ್ಯಾಕೆ ಗರ್ಮಿಗಳ ಉಸಾಬರಿ? ಮನೆಗೆ ಹೋಗಿ, ನಿಮ್ಮ ಮರಾನೂ ಕಡೀಬೇಕಾ?" ಅಂದ. ಹೋದೆ. ನಿನ್ನ ತಂದೂರ್ ಒಲೆಯ ಮುಚ್ಚಳವೊಂದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ತಂದಿದ್ದೇನೆ. ನಿನ್ನ ಕಂದು ನಾಯಿ ಈಗಲೂ ಬಾಗಿಲಿಲ್ಲದ ಹೊಸ್ತಿಲ ಮೇಲೇ ಮಲಗುತ್ತದೆ. ಕರೆದರೆ ಬರುವುದಿಲ್ಲ, ಅಲ್ಲಿಗೇ ತಿಂಡಿ ಹಾಕಿ ಬರುತ್ತೇನೆ.

ನನಗೆ ಆಶ್ಚರ್ಯ. ನಿನ್ನ ಮಾವನನ್ನೂ ನನ್ನ ಮಾವನನ್ನೂ ಒಂದೇ ಚಳಿಗಾಲದಲ್ಲಿ ಬೇರೆ ಬೇರೆ ಬೆಟ್ಟಗಳಿಂದ ಲಾರಿಗೆ ತುಂಬಿ ಈ ಬಯಲಿಗೆ ತಂದು ಹತ್ತಿ ಬಿತ್ತಿ ಎಂದರು. ಅವರಿಬ್ಬರೂ ಸೇರಿ ತೋಡಿದ ಕಾಲುವೆ ಇದು. ಈಗ ಇದರ ಆ ಕಡೆ ಈ ಕಡೆ ಎಂದು ಕೊಲ್ಲುತ್ತಿದ್ದಾರೆ.

ಹಿಕ್ಮತ್‌ಗೆ ಜ್ವರ ಇಳಿಯಿತು. ಚೆನ್ನಾಗಿ ಉಂಡ. ಜನವರಿಯಲ್ಲಿ ಜೂರಾ ಅವನನ್ನು ಮೋಟಾರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನದಿಯ ಕಡೆಗೆ ಹೊರಟ. ರೊಟ್ಟಿ ಕಚ್ಚಿಸದೆ ಬಿಡುತ್ತೇನೆಯೇ? ಹಿಟ್ಟು ಒಂದೇ ರೊಟ್ಟಿಗೆ ಆಗುವಷ್ಟಿತ್ತು. ಇಬ್ಬರೂ ಒಂದರಲ್ಲೇ ಕಚ್ಚಿದರು, ಒಂದು ಅಂಚು ಅವನು, ಎದುರಿನ ಅಂಚು ಇವನು. "ಲೋ, ದೊಡ್ಡ ತುತ್ತು ಕಚ್ಬೇಡ್ವೋ, ವಾಪಸ್ ಬಂದಾಗ ನಂಗೆ ಉಳೀಬೇಕು" ಎಂದು ಹಿಕ್ಮತ್ ನಗುತ್ತಿದ್ದ. ಗೋಡೆಯ ಮೊಳೆಗೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದೆ. ಅಲ್ಲೇ ಇದೆ.

ಜೂರಾ ಆಮೇಲೆ ಬಂದ. ಹಿಕ್ಮತ್ ನದಿಯ ಕಡೆ ಹೋದ ಎನ್ನುತ್ತಾನೆ. ಹೆಚ್ಚು ಮಾತಿಲ್ಲ ಅವನದು.

ಮೊಹ್ರುವನ್ನು ಚಳಿಗೆ ಹೊರಗೆ ಬಿಡಬೇಡ. ನಮ್ಮಲ್ಲಿ ಪೈಲ್ವಾನನ ಕಡೆಯವರು ಕಾಗದ ಪತ್ರ ಬಿಚ್ಚಿ ನೋಡುತ್ತಾರಂತೆ. ಎಲ್ಲ ಬರೆಯಲು ಆಗುವುದಿಲ್ಲ.

ನಿನ್ನ ತಂಗಿ,
ತೋಜಿನಿಸೊ


ಡೇರೆಗಳ ಬಯಲು
ಮೇ ೨, ೧೯೯೩

ತೋಜಿನಿಸೊ,

ನನ್ನ ಜರ್ದಾಲು ಮರಕ್ಕೆ ಅರ್ಧ ಪುಟ ಕೊಟ್ಟೆ. ನನ್ನ ನಾಯಿಗೆ ಮೂರು ಸಾಲು. ನನ್ನ ಮಗ ಎಲ್ಲಿದ್ದಾನೆ ಎಂಬುದಕ್ಕೆ "ನದಿಯ ಕಡೆ ಹೋದ" ಎಂದು ಬರೆದು ಮುಗಿಸಿದೆ. ನಿನ್ನನ್ನು ನಾನು ನಿನ್ನೆ ಮೊನ್ನೆ ನೋಡಿದವಳಲ್ಲ. ಹಾಲು ಉಕ್ಕಿಸಿದರೂ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದವಳು ನೀನು.

ನದಿಯ ಕಡೆ ಹೋದವನು ನದಿ ದಾಟಿದನೆ? ದಾಟಿದ್ದರೆ ಎಲ್ಲಿ? ನಾನು ಇಲ್ಲಿನ ಡೇರೆ ಡೇರೆಗೂ ಹೋಗಿದ್ದೇನೆ. ಎರಡನೆಯ ಬಯಲಿಗೂ ಲಾರಿ ಹತ್ತಿ ಹೋಗಿ ಬಂದೆ. ಎತ್ತರದ ಹುಡುಗ, ಎಡಹುಬ್ಬಿನ ಮೇಲೆ ಗಾಯದ ಗುರುತು ಎಂದು ಹೇಳಿ ಹೇಳಿ ನಾಲಿಗೆ ಒಣಗಿತು. ಜನವರಿಯ ಚಳಿಯಲ್ಲಿ ಟ್ರ್ಯಾಕ್ಟರಿನ ಟ್ಯೂಬು ಹಿಡಿದುಕೊಂಡು ದಾಟಿದವರನ್ನೂ ಕೇಳಿದೆ. ಯಾರೂ ನೋಡಿಲ್ಲ.

ಇಲ್ಲಿ ನಾವು ಸುಖವಾಗಿದ್ದೇವೆ ಎಂದುಕೊಳ್ಳಬೇಡ. ನಮ್ಮ ಕಡೆ ಬಂದೂಕು ಹಿಡಿದ ಗಡ್ಡದವರು ಇಲ್ಲಿಯೂ ಇದ್ದಾರೆ. ಮೊನ್ನೆ ಡೇರೆಗಳಿಗೆ ನುಗ್ಗಿ ಹದಿನೈದು ಹದಿನಾರರ ಹುಡುಗರನ್ನು ಎಳೆದುಕೊಂಡು ಹೋದರು, ಬಂದೂಕು ಕಲಿಸುತ್ತಾರಂತೆ. ಕೊಡುವುದಿಲ್ಲ ಎಂದ ಒಬ್ಬ ಮುದುಕನನ್ನು ಅವನ ಸೊಸೆಯಂದಿರ ಎದುರಿಗೇ ಒದ್ದರು. ಅವರಲ್ಲೊಬ್ಬ ಚಹಾ ಕುಡಿಯುತ್ತಾ ಎಲ್ಲರಿಗೂ ಕೇಳುವ ಹಾಗೆ, ಕುಲೋಬಿಗಳನ್ನು ಹತ್ತಿ ಗೋದಾಮಿನಲ್ಲಿ ಏನು ಮಾಡಿದೆ ಎಂದು ನಗುತ್ತಾ ಹೇಳುತ್ತಿದ್ದ. ನಾನು ಎದ್ದು ಬಂದೆ. ನಮ್ಮವರೇನೂ ಕಡಿಮೆಯಿಲ್ಲ, ತೋಜಿನಿಸೊ. ಎಲ್ಲಾ ಒಂದೇ ಕಡಾಯಿಯಲ್ಲಿ ಬೆಂದವರು.

ಈಗ ರೊಟ್ಟಿಯ ವಿಷಯ. ತೀರಿಹೋದ ನನ್ನ ಗಂಡ ಹಿಂದೆ ಸೈನ್ಯಕ್ಕೆ ಹೋದಾಗ ಕಚ್ಚಿಟ್ಟ ರೊಟ್ಟಿ ಎರಡು ವರ್ಷ ನಮ್ಮತ್ತೆಯ ಗೋಡೆಯ ಮೇಲಿತ್ತು. ಬಂದವನು ಬೂಟು ಬಿಚ್ಚುವ ಮೊದಲೇ ಅತ್ತೆ ಅದನ್ನು ಇಳಿಸಿ ಕೈಗೆ ಕೊಟ್ಟರು. ಚಹಾದಲ್ಲಿ ನೆನೆಸಿದರೂ ಕಲ್ಲಿನಂತಿತ್ತು, ಒಂದು ಹಲ್ಲು ಮುರಿದುಕೊಂಡ, ಆದರೂ ಪೂರ್ತಿ ತಿಂದ. ಕಚ್ಚಿಟ್ಟವನು ಬಂದರೆ ತಿನ್ನಲೇಬೇಕು, ನಮ್ಮ ಬೀದಿಯಲ್ಲೂ ಹಾಗೆಯೇ, ನಿಮ್ಮ ಬೀದಿಯಲ್ಲೂ ಹಾಗೆಯೇ.

ನಿನ್ನ ಜೂರಾ ವಾಪಸ್ ಬಂದಿದ್ದಾನೆ. ಹಾಗಾದರೆ ಅವನ ಕಡೆಯದನ್ನು ಯಾಕೆ ತಿನ್ನಲಿಲ್ಲ? ರೊಟ್ಟಿ ಯಾಕೆ ಇನ್ನೂ ಅಲ್ಲೇ ಇದೆ?

ಇಷ್ಟಕ್ಕೆ ಉತ್ತರ ಬರಿ. ಮಿಕ್ಕಿದ್ದು ಬೇಡ.

ಓಯ್ಜಮೋಲ್


ಕಾಲುವೆ ಬೀದಿ
ಜೂನ್ ೧೯, ೧೯೯೩

ಅಪಾ,

ಏನು ಕೇಳುತ್ತಿದ್ದೀಯ ನೀನು? ಡೇರೆಯಲ್ಲಿ ಕೂತು ರೊಟ್ಟಿಯ ಲೆಕ್ಕ ಕೇಳುತ್ತೀಯಲ್ಲ, ನಾನು ನಿನ್ನನ್ನು ಏನಾದರೂ ಕೇಳಿದೆನೆ?

ಹತ್ತಿ ಗೋದಾಮಿನ ಮಾತು ನೀನೇ ಎತ್ತಿದೆ. ಆ ಗೋದಾಮಿನಲ್ಲಿ ನನ್ನ ತಮ್ಮ ಇದ್ದ. ಹೆಣವನ್ನು ತವರಿನಲ್ಲೇ ಹೂತೆವು, ನಿನಗೆ ಗೊತ್ತಾಗಲಿಲ್ಲ, ಗೊತ್ತಿರಲಿಲ್ಲ ಎಂದೇ ನಾನು ಬರೆದಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ರಬಾಬ್ ನುಡಿಸಲು ಕಲಿಸುತ್ತಿದ್ದವನು, ಕೋಳಿ ಕೊಯ್ಯಬೇಕಾದರೂ ಪಕ್ಕದ ಮನೆಯವರನ್ನು ಕರೆಯುತ್ತಿದ್ದವನು. ನಿಮ್ಮ ಗಡ್ಡದವರು ಅವನ ಬೆರಳು ಮುರಿದಿದ್ದರು. ಒಂದೊಂದಾಗಿ. ಅಷ್ಟು ನಿಧಾನವಾಗಿ ಮಾಡಲು ಅವರಿಗೆ ಹೊತ್ತಿತ್ತು. ಹೆಣ ತೊಳೆದವಳು ನಾನು, ನನಗೆ ಗೊತ್ತು.

ಜೂರಾ ಅದನ್ನು ನೋಡಿಯೇ ಪೈಲ್ವಾನನ ಹಿಂದೆ ಹೋದದ್ದು. ಮದುವೆಗಳಲ್ಲಿ ಕುಸ್ತಿ ಆಡಿ ಟಗರು ಗೆಲ್ಲುತ್ತಿದ್ದ ಆ ಪೈಲ್ವಾನನ ಕೈಗೆ ಊರು ಬಂದೂಕು ಕೊಟ್ಟಿತು. ಹುಡುಗರಿಗೆ ಅವನೇ ತಂದೆ ತಾಯಿ ಆದ. ನಾನು ತಡೆಯಲಿಲ್ಲ ಎಂದು ನೀನು ಹೇಳಬಹುದು. ತಡೆಯುವುದು ಹೇಗೆ, ಅಪಾ? ತೊಳೆದ ನೀರು ಇನ್ನೂ ಅಂಗಳದಲ್ಲಿ ಆರಿರಲಿಲ್ಲ.

ಆದರೂ ನಿನ್ನ ಮಗನನ್ನು ಒಳಗೆ ಮಲಗಿಸಿಕೊಂಡೆ. ಯಾರ ಮಗ ಎಂದು ಕೇಳಿದವರಿಗೆ ನಮ್ಮಕ್ಕನ ಮಗ, ಟೈಫಾಯ್ಡು, ಹತ್ತಿರ ಬರಬೇಡಿ ಎಂದೆ. ಅದನ್ನು ಮರೆಯಬೇಡ.

ಜೂರಾ ಮನೆಯಲ್ಲಿರುವುದು ಕಡಿಮೆ. ಬಂದರೆ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಾನೆ. ಹೋದ ವಾರ, "ಅಮ್ಮ, ಅದನ್ನ ತೆಗೀತೀಯಾ ಇಲ್ವಾ?" ಅಂದ. "ಯಾಕೋ ತೆಗೀಲಿ?" ಅಂದೆ. ಉಣ್ಣುತ್ತಿದ್ದವನು ಬಟ್ಟಲು ಬಿಟ್ಟು ಎದ್ದು ಹೋದ.

ನಾನು ತೆಗೆದಿಲ್ಲ.

ಇನ್ನು ಕೇಳಬೇಡ. ದಯವಿಟ್ಟು.

ತೋಜಿನಿಸೊ


ಡೇರೆಗಳ ಬಯಲು
ಜುಲೈ ೩೦, ೧೯೯೩

ತೋಜಿನಿಸೊ,

ನಿನ್ನ ತಮ್ಮನಿಗೆ ಸ್ವರ್ಗ ಸಿಗಲಿ. ಅವನು ನನ್ನ ಮೊಹ್ರುವಿನ ತೊಟ್ಟಿಲ ಹಬ್ಬಕ್ಕೆ ಬಂದು ರಬಾಬ್ ನುಡಿಸಿದ್ದ. ತಂತಿ ಹರಿದಾಗ ನನ್ನ ಹೊಲಿಗೆ ದಾರ ಕಟ್ಟಲು ನೋಡಿ ನಮ್ಮನ್ನೆಲ್ಲ ನಗಿಸಿದ್ದ. ಆ ಚಹಾ ಕುಡಿಯುತ್ತಿದ್ದವನು ಮತ್ತೆ ಸಿಕ್ಕಿದ. ಈ ಸಲ ಎದ್ದು ಬರಲಿಲ್ಲ. ನನ್ನ ಕೈಯಲ್ಲಿದ್ದ ಬಿಸಿ ಕೆಟಲ್ ಅವನ ತೊಡೆಯ ಮೇಲೆ ಬಿತ್ತು. ಕೈ ಜಾರಿತು ಎಂದೆ. ಅವನಿಗೆ ಕೈ ಜಾರಿದ್ದಲ್ಲವೆಂದು ಗೊತ್ತಾಯಿತು. ಈಗ ನಮ್ಮ ಡೇರೆಯನ್ನು ಬಯಲಿನ ಇನ್ನೊಂದು ತುದಿಗೆ ಹಾಕಿಕೊಂಡಿದ್ದೇವೆ.

ಮೊಹ್ರು ಹುಷಾರಾಗಿದ್ದಾಳೆ. ಬಿಸಿಲಿಗೆ ಡೇರೆಯೊಳಗೆ ಕೂರಲು ಆಗುವುದಿಲ್ಲ. ಹಾವು ಬರುತ್ತವೆ.

ನಿನ್ನ ಉತ್ತರ ಓದಿದೆ. ನೀನು ಬರೆಯದೆ ಬಿಟ್ಟದ್ದನ್ನೂ ಓದಿದೆ. ಆದರೂ ಅದನ್ನು ನಿನ್ನ ಬಾಯಿಂದ ಕೇಳದೆ ನಾನು ಅಳುವಂತಿಲ್ಲ. ದಿನ ಮಾಡುವಂತಿಲ್ಲ, ಪ್ರಾರ್ಥನೆ ಹೇಳಿಸುವಂತಿಲ್ಲ. ಬೆಳಿಗ್ಗೆ ಎದ್ದರೆ ಬದುಕಿದ್ದಾನೆ, ಮಧ್ಯಾಹ್ನಕ್ಕೆ ಇಲ್ಲ, ಸಂಜೆ ಯಾರೋ ಎತ್ತರದವನು ನೀರಿನ ಲಾರಿಯ ಹತ್ತಿರ ನಿಂತಿದ್ದರೆ ಮತ್ತೆ ಬದುಕಿದ್ದಾನೆ. ಹೀಗೆ ಎಷ್ಟು ದಿನ?

ಜೂರಾ ಹುಟ್ಟಿದಾಗ ನಿನಗೆ ಬಾಣಂತಿ ಜ್ವರ ಬಂದು ಎದೆ ಬತ್ತಿತು. ಹಿಕ್ಮತ್ ಆಗ ಎರಡು ತಿಂಗಳ ಕೂಸು. ನಿನ್ನತ್ತೆ ಮಗುವನ್ನು ಕೌದಿಯಲ್ಲಿ ಸುತ್ತಿಕೊಂಡು ಕಾಲುವೆಯ ಹಲಗೆ ದಾಟಿ ಬಂದು, "ಇದನ್ನ ಉಳಿಸ್ಕೊಡೇ ತಾಯಿ" ಅಂದರು. ನಾನು ಬಿಸ್ಮಿಲ್ಲಾ ಎಂದು ಎದೆಗೆ ಹಾಕಿಕೊಂಡೆ. ಈ ಕಡೆ ನನ್ನವನು, ಆ ಕಡೆ ನಿನ್ನವನು. ನಿನ್ನವನು ಕಚ್ಚುತ್ತಿದ್ದ. ನನ್ನವನು ನಡುವೆ ಬಿಟ್ಟು, ಕೈ ಚಾಚಿ ಅವನ ಕಿವಿ ಎಳೆಯುತ್ತಿದ್ದ. ಅಂದಿನಿಂದ ಜೂರಾ ನನ್ನನ್ನು ಹಾಲಮ್ಮ ಎಂದು ಕರೆದ.

ಗರ್ಮಿ ಹೆಂಗಸಾಗಿ ಕೇಳುತ್ತಿಲ್ಲ. ನೆರೆಯವಳಾಗಿ ಕೇಳುತ್ತಿಲ್ಲ. ಹಿಕ್ಮತ್‌ನ ತಾಯಿಯಾಗಿಯೂ ಈ ಸಲ ಕೇಳುತ್ತಿಲ್ಲ. ಜೂರಾನ ತಾಯಿಯಾಗಿ ಕೇಳುತ್ತಿದ್ದೇನೆ. ನನ್ನ ಮಗ ಏನು ಮಾಡಿ ಬಂದಿದ್ದಾನೆ, ಹೇಳು.

ಓಯ್ಜಮೋಲ್


ಕಾಲುವೆ ಬೀದಿ
ಸೆಪ್ಟೆಂಬರ್ ೨೧, ೧೯೯೩

ಅಪಾ,

ಪೈಲ್ವಾನ ಸತ್ತ. ಶತ್ರುಗಳ ಕೈಯಿಂದಲ್ಲ. ಒಂದು ಲಾರಿ ರತ್ನಗಂಬಳಿ ಹಂಚಿಕೊಳ್ಳುವಾಗ ಅವನ ಹುಡುಗರೇ ಗುಂಡು ಹಾಕಿದರು. ಈಗ ಕಾಗದ ಬಿಚ್ಚಿ ನೋಡುವವರು ಇಲ್ಲ. ನನಗೆ ನೆಪವೂ ಇಲ್ಲ.

ಹಿಕ್ಮತ್ ಇಲ್ಲ. ಜನವರಿಯಲ್ಲಿ, ಮನೆಯಿಂದ ಹೊರಟ ದಿನವೇ, ಮಧ್ಯಾಹ್ನದ ಹೊತ್ತಿಗೆ ಹೋದ.

ಬರೆದೆ. ಈಗ ಮಿಕ್ಕಿದ್ದನ್ನು ಜೂರಾ ನನಗೆ ಹೇಳಿದ ಹಾಗೆಯೇ ಬರೆಯುತ್ತೇನೆ. ಹೋದ ತಿಂಗಳು ಅವನನ್ನು ಕಾಲುವೆಯಿಂದ ಎಳೆದು ತಂದರು. ಈಜು ಬರುವವನು, ಕೋಟಿನ ಜೇಬಿಗೆಲ್ಲ ಕಲ್ಲು ತುಂಬಿಕೊಂಡಿದ್ದ. ಅವತ್ತು ಹೇಳಿದ.

ಹೊರಡುವಾಗ ನಾನೇ ಅವರಿಗೆ ಹೇಳಿಕೊಟ್ಟಿದ್ದೆ, "ಯಾರಾದ್ರೂ ತಡೆದ್ರೆ ಸುಳ್ಳು ಹೇಳ್ಬೇಡಿ ಕಣ್ರೋ, ಹಾಲಿನ ಅಣ್ಣತಮ್ಮಂದಿರು ಅನ್ನಿ. ಹಾಲು ಅಂದ್ರೆ ಎಂಥ ಕಟುಕನೂ ದಾರಿ ಬಿಡ್ತಾನೆ" ಎಂದು. ನಿನ್ನ ಹಾಗೆಯೇ ನಾನೂ ನಂಬಿದ್ದೆ. ನಮ್ಮಜ್ಜಿಯರೂ ನಂಬಿದ್ದರು.

ಹತ್ತಿ ತೂಗುವ ಅಂಗಳದ ಹತ್ತಿರದ ಸೇತುವೆಯ ಬಳಿ ಪೈಲ್ವಾನ ಇದ್ದ. ಹಿಪ್ಪುನೇರಳೆ ಮರದ ಕೆಳಗೆ ಗಂಬಳಿ ಹಾಸಿ ಪಲಾವ್ ಉಣ್ಣುತ್ತಿದ್ದ. ಜೂರಾ ಗಾಡಿ ನಿಲ್ಲಿಸಿ, "ಪೈಲ್ವಾನ್ ಅಣ್ಣಾ, ಇವ್ನು ನನ್ನ ಹಾಲಣ್ಣ. ಇವನಮ್ಮನ ಎದೇಲೇ ನಾನೂ ಬೆಳೆದಿದ್ದು. ನದೀವರೆಗೆ ಬಿಟ್ಟು ಬಂದ್ಬಿಡ್ತೀನಿ" ಎಂದ. ಹೆಮ್ಮೆಯಿಂದಲೇ ಹೇಳಿದನಂತೆ.

"ಹಾಲಾ? ಮೊದಲೇ ಹೇಳಬಾರ್ದೇನೋ! ಹಾಲು ಅಂದ್ರೆ ದೊಡ್ಡದಪ್ಪ. ಕೂತ್ಕೊಳಿ, ಉಣ್ಣಿ" ಎಂದು ಪೈಲ್ವಾನ ಇಬ್ಬರನ್ನೂ ಪಕ್ಕ ಕೂರಿಸಿಕೊಂಡ. ತನ್ನ ಕೈಯಿಂದಲೇ ಹಿಕ್ಮತ್‌ನ ಬಾಯಿಗೆ ಮಾಂಸದ ತುಂಡು ಇಟ್ಟ. ಉಪ್ಪು ತಿನ್ನಿಸಿದ ಮೇಲೆ ಇನ್ನು ಭಯವಿಲ್ಲ ಎಂದು ಜೂರಾ ಬಂದೂಕು ಕೆಳಗಿಟ್ಟು ಕೈ ತೊಳೆದ.

ಊಟ ಮುಗಿಯಿತು. ಪೈಲ್ವಾನ ಎರಡೂ ಕೈಯಿಂದ ಮುಖ ಸವರಿ ಪ್ರಾರ್ಥನೆ ಹೇಳಿದ. ಆಮೇಲೆ, "ಇವನನ್ನ ನನ್ನ ಹುಡುಗ್ರ ಕೈಗೆ ಕೊಡೋದು ಹಾಲಿಗೆ ಅವಮಾನ. ಜೂರಾ, ನೀನೇ ಮುಗಿಸು" ಅಂದ.

ಜೂರಾ ನಕ್ಕನಂತೆ. ತಮಾಷೆ ಎಂದುಕೊಂಡ.

"ಆಗಲ್ಲ ಅಂದ್ರೆ ಬೇಡ ಬಿಡು. ಹುಡುಗ್ರಿದಾರೆ. ಆದ್ರೆ ಅವರು ಅವಸರ ಮಾಡಲ್ಲ, ನಿಂಗೇ ಗೊತ್ತಲ್ಲ" ಎಂದ ಪೈಲ್ವಾನ.

ಅವನಿಗೆ ಗೊತ್ತಿತ್ತು, ಅಪಾ. ಅದರ ಹಿಂದಿನ ವಾರವೇ ನಮ್ಮ ದನದ ಡಾಕ್ಟರನನ್ನು ಲಾರಿಯ ಹಿಂದೆ ಕಟ್ಟಿ ಕೊಯ್ದ ಹತ್ತಿಯ ಹೊಲದಲ್ಲಿ ಸುತ್ತಿಸಿದ್ದರು. ಒಣಗಿದ ಹತ್ತಿ ಕಡ್ಡಿ ಹೇಗಿರುತ್ತದೆಂದು ಜನ್ಮವೆಲ್ಲ ಅದನ್ನು ಕಿತ್ತ ನಮಗೆ ಹೇಳಬೇಕಿಲ್ಲ. ಜೂರಾ ಆ ದಿನ ಲಾರಿಯ ಮೇಲೆ ಕೂತಿದ್ದ. ಇದನ್ನೂ ಬರೆಯಬೇಕಲ್ಲ, ಬರೆದೆ.

ಜೂರಾ ಪೈಲ್ವಾನನ ಕಾಲು ಹಿಡಿದ. ಆಗ ಹಿಕ್ಮತ್, "ಏಳೋ ಜೂರಾ. ಇವನ ಕಾಲು ಹಿಡೀಬೇಡ. ನೀನೇ ಮಾಡು. ಬೇರೆಯವರು ಬೇಡ" ಎಂದನಂತೆ. ಮರದ ಕಡೆ ತಿರುಗಿ ನಿಂತನಂತೆ.

ನಿನ್ನ ಮಗ ನಿಜವಾಗಿ ಹಾಗೆ ಹೇಳಿದನೋ, ನನ್ನ ಮಗ ಉಸಿರಾಡುವುದಕ್ಕೆ ಬೇಕೆಂದು ಅದನ್ನು ಕಟ್ಟಿಕೊಂಡನೋ ನನಗೆ ಗೊತ್ತಿಲ್ಲ. ನಾನು ಹೆತ್ತವಳು, ನಂಬಬೇಕೆಂದು ಆಸೆ. ಮುಖ ನೋಡಿದರೆ ಒಂದು ದಿನ ನಂಬಿಕೆ ಬರುತ್ತದೆ, ಇನ್ನೊಂದು ದಿನ ಬರುವುದಿಲ್ಲ.

ಹೂಳಬೇಡಿ ಎಂದು ಪೈಲ್ವಾನನ ಅಪ್ಪಣೆ ಇತ್ತು. ಜೂರಾ ಮರುದಿನ ಬೆಳಕು ಹರಿಯುವ ಮೊದಲು ಹೋಗಿ ಹೊತ್ತು ತಂದು ಹೂತನಂತೆ. ಕಿಬ್ಲಾದ ಕಡೆ, ನಮಾಜಿನ ದಿಕ್ಕಿಗೆ, ಮುಖ ಮಾಡಿದ್ದೇನೆ ಎನ್ನುತ್ತಾನೆ. ಎಲ್ಲಿ ಎಂದು ನನಗೂ ಹೇಳುವುದಿಲ್ಲ. "ಹಾಲಮ್ಮಂಗೆ ಮಾತ್ರ ಹೇಳ್ತೀನಿ" ಎನ್ನುತ್ತಾನೆ.

ಈಗ ಉಣ್ಣುವುದಿಲ್ಲ. ಮಲಗಿದ ಕಡೆಯಿಂದ ಏಳುವುದಿಲ್ಲ. ಒಂದೇ ಮಾತು ಬರೆ ಎಂದು ನನ್ನನ್ನು ಪೀಡಿಸುತ್ತಾನೆ. ಹಾಲಿನ ಋಣ ಬಿಟ್ಟೆ ಎಂದು ನೀನು ಒಂದು ಸಾಲು ಬರೆಯಬೇಕಂತೆ. ಅದು ಬಂದರೆ ನಾನು ಹೋಗ್ತೀನಿ ಎನ್ನುತ್ತಾನೆ. ಎಲ್ಲಿಗೆ ಹೋಗುತ್ತಾನೆ ಎಂದು ನಾನು ಕೇಳಿಲ್ಲ.

ನಿನ್ನನ್ನು ಏನನ್ನೂ ಬೇಡುವ ಮುಖ ನನಗಿಲ್ಲ. ಅವನು ಕೇಳಿದ್ದನ್ನು ಮುಟ್ಟಿಸಿದೆ, ಅಷ್ಟೇ. ನೀನು ಶಾಪ ಹಾಕಿದರೆ ಅದನ್ನೂ ಓದಿ ಹೇಳುತ್ತೇನೆ.

ತಂಗಿ ಎಂದು ಸಹಿ ಹಾಕಲು ಕೈ ಬರುತ್ತಿಲ್ಲ.

ತೋಜಿನಿಸೊ


ಡೇರೆಗಳ ಬಯಲು
ನವೆಂಬರ್ ೨೮, ೧೯೯೩

ತೋಜಿನಿಸೊ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮೊದಲು ಅದನ್ನು ಒಲೆಗೆ ಹಾಕಿದೆ. ಮೊಹ್ರು ಕೈ ಸುಟ್ಟುಕೊಂಡು ಹೊರಗೆ ತೆಗೆದಳು. ಅಂಚು ಕರಿದಾಗಿದೆ, ಮಾತೆಲ್ಲ ಉಳಿದಿದೆ.

ಬಿಕ್ಕಿ ಬಿಕ್ಕಿ ಅತ್ತೆ. ಮೂಗು ಮುರಿಯುತ್ತಿದ್ದ ಆ ಪಕ್ಕದ ಡೇರೆಯವಳೇ ಬಯಲಿನ ಆ ತುದಿಯಿಂದ ಬಂದು ನನ್ನನ್ನು ಹಿಡಿದುಕೊಂಡು ಕೂತಳು. ಮುಲ್ಲಾ ಪ್ರಾರ್ಥನೆ ಹೇಳಿದರು. ಎಣ್ಣೆಯಲ್ಲಿ ರೊಟ್ಟಿ ಕರಿದು ಹಂಚಿದೆವು. ಹೇಗೆ ಸತ್ತ ಎಂದು ಎಲ್ಲರೂ ಕೇಳಿದರು. ದಾರಿಯಲ್ಲಿ ಪೈಲ್ವಾನನ ಕಡೆಯವರು ಎಂದೆ. ಜೂರಾನ ಹೆಸರು ಹೇಳಲಿಲ್ಲ. ಹೇಳಿದ್ದರೆ ಇಲ್ಲಿನ ಗಡ್ಡದವರು ನದಿ ದಾಟಿ ನಿನ್ನ ಮನೆ ಹುಡುಕಿಕೊಂಡು ಬರುತ್ತಿದ್ದರು. ಒಳ್ಳೆಯತನಕ್ಕೆ ಮಾಡಿದ್ದಲ್ಲ. ಅವನು ನನ್ನ ಪಾಲಿನವನು, ಅವರವನಲ್ಲ.

ಹಿಕ್ಮತ್ ಹಾಗೆ ಹೇಳಿದನೋ ಇಲ್ಲವೋ ಎಂದು ನಿನಗೆ ಗೊತ್ತಿಲ್ಲ. ನನಗೆ ಗೊತ್ತು. ಹೇಳಿದ್ದಾನೆ. ಚಿಕ್ಕವನಿದ್ದಾಗ ಮುಳ್ಳು ತೆಗೆಯಲು ನನ್ನ ಕೈಗೂ ಕಾಲು ಕೊಡುತ್ತಿರಲಿಲ್ಲ, "ಜೂರಾನೇ ತೆಗೀಲಿ" ಎನ್ನುತ್ತಿದ್ದ. ಇದು ತಿಳಿದ ಮೇಲೆ ನನಗೆ ಸಮಾಧಾನವಾಗಿದೆ ಎಂದುಕೊಳ್ಳಬೇಡ. ಇನ್ನೂ ಹೆಚ್ಚು ಉರಿಯುತ್ತಿದೆ. ಲಾರಿಯ ಮೇಲೆ ಕೂತು ದನದ ಡಾಕ್ಟರನನ್ನು ನೋಡುತ್ತಿದ್ದವನು ಅವತ್ತೇ ಮನೆಗೆ ಬಂದು ಬಂದೂಕು ಬಾವಿಗೆ ಎಸೆದಿದ್ದರೆ, ನನ್ನ ಮಗ ಯಾರನ್ನೂ ಏನೂ ಕೇಳಬೇಕಾಗುತ್ತಿರಲಿಲ್ಲ. ಇದನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳು.

ಈಗ ಹಾಲಿನ ಮಾತು.

ಹಿಕ್ಮತ್‌ಗೆ ನನ್ನ ಹಾಲಿನ ಋಣ ಬಿಟ್ಟೆ. ಅವನು ಕೇಳಿದಾಗ ಗದರಿಸಿದ್ದೆ. ಈಗ ನದಿಗೆ ಮುಖ ಮಾಡಿ, ಬಾಯಿ ಬಿಟ್ಟು, ಮೂರು ಸಲ ಹೇಳಿದ್ದೇನೆ.

ಜೂರಾನಿಗೆ ಬಿಡುವುದಿಲ್ಲ.

ಓದುವುದನ್ನು ನಿಲ್ಲಿಸಬೇಡ, ತೋಜಿನಿಸೊ. ಮುಂದೆ ಓದು. ಬಿಡುವುದಿಲ್ಲ, ಯಾಕೆಂದರೆ ಬಿಟ್ಟರೆ ಸಾಯುತ್ತಾನೆ. ನನ್ನ ಹಾಲು ಕುಡಿದವರು ಇಬ್ಬರು. ಇಬ್ಬರನ್ನೂ ಮಣ್ಣಿಗೆ ಹಾಕಿ ಪೈಲ್ವಾನ ಗೆಲ್ಲುವುದು ನನಗೆ ಬೇಡ. ನನ್ನ ಋಣ ತಲೆಯ ಮೇಲೆ ಇಟ್ಟುಕೊಂಡು ಸಾಯುವ ಅಪ್ಪಣೆ ಅವನಿಗಿಲ್ಲ. ಎದ್ದು ಕೂತು ಉಣ್ಣಲಿ. ಗಂಟಲಲ್ಲಿ ಇಳಿಯದಿದ್ದರೂ ಉಣ್ಣಲಿ. ನನಗೂ ಇಳಿಯುವುದಿಲ್ಲ, ಉಣ್ಣುತ್ತಿದ್ದೇನೆ.

ಬಿಳಿ ಜೀಪಿನವರು ಹಿಂದಿರುಗುವವರ ಹೆಸರು ಬರೆದುಕೊಳ್ಳುತ್ತಿದ್ದಾರೆ. ನಮ್ಮಿಬ್ಬರ ಹೆಸರು ಕೊಟ್ಟಿದ್ದೇನೆ. ಚಳಿ ಕಳೆದ ಮೇಲೆ ಬಸ್ಸು ಬಿಡುತ್ತಾರಂತೆ. ಮಾಡಿಲ್ಲದ ಮನೆಗೆ ಹೋಗಿ ಏನು ಮಾಡುತ್ತೀಯ ಎಂದು ಎಲ್ಲರೂ ಕೇಳುತ್ತಾರೆ. ಮಾಡು ಹೊದಿಸಲು ಒಬ್ಬ ಗಂಡಾಳು ಇದ್ದಾನೆ ಎಂದು ಹೇಳಿದ್ದೇನೆ.

ಅವನು ನನ್ನನ್ನು ಹಿಕ್ಮತ್ ಇರುವ ಜಾಗಕ್ಕೆ ಕರೆದುಕೊಂಡು ಹೋಗಬೇಕು. ನಡೆದುಕೊಂಡು, ಹಗಲು ಹೊತ್ತಿನಲ್ಲಿ, ಬೀದಿಯ ನಡುವೆ, ಎಲ್ಲರೂ ನೋಡುವ ಹಾಗೆ. ಏನು ಮಾಡಿದೆ ಎಂದು ಅಲ್ಲಿ ನಿಂತು ತನ್ನ ಬಾಯಿಂದ ನನಗೆ ಹೇಳಬೇಕು. ಅದಾದ ಮೇಲೆ ನಾನು ಅವನನ್ನು ಹೊಡೆಯುತ್ತೇನೋ, ತಬ್ಬಿಕೊಳ್ಳುತ್ತೇನೋ, ಈಗ ಕೇಳಬೇಡ. ನನಗೇ ಗೊತ್ತಿಲ್ಲ.

ರೊಟ್ಟಿಯನ್ನು ಇಳಿಸಬೇಡ. ಜೂರಾ ಗೋಡೆಗೆ ಬೆನ್ನು ಹಾಕಿ ಕೂರಬಾರದು, ಅದಕ್ಕೆ ಎದುರಾಗಿ ಕೂರಲಿ. ನಾನು ಬಂದು ಇಳಿಸುತ್ತೇನೆ. ನಡುವೆ ಮುರಿಯುತ್ತೇನೆ. ಹಿಕ್ಮತ್‌ನ ಹಲ್ಲಿನ ಗುರುತಿರುವ ಅರ್ಧವನ್ನು ಅವನ ಹತ್ತಿರ ಮಣ್ಣಿಗೆ ಇಡುತ್ತೇನೆ. ಇನ್ನರ್ಧವನ್ನು ಜೂರಾ ನನ್ನ ಎದುರಿಗೆ ತಿನ್ನಬೇಕು, ಒಂದು ಚೂರೂ ಬಿಡದಂತೆ.

ಕಲ್ಲಾಗಿರುತ್ತದೆ. ಚಹಾ ಕಾಯಿಸಿಟ್ಟಿರು.

ಓಯ್ಜಮೋಲ್